ಹಲ್ಲಿನ ಸಾಕ್ಷಿ

ನನ್ನ ಹಲ್ಲುಗಳ ಮೇಲೆ ಕಂದು ಕಲೆಗಳಿವೆ. ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಲ್ಲಿ ಫ್ಲೋರೈಡಿನ ನೀರು ಕುಡಿದು ಬೆಳೆದ ಅನೇಕರ ಪಾಡೇ ಇದು. ಕಾಲೇಜಿಗೆ ಬಂದ ಮೊದಲ ವರ್ಷ ಬಾಯಿಗೆ ಕೈ ಅಡ್ಡ ಹಿಡಿದೇ ನಗುತ್ತಿದ್ದೆ. ಆ ಸಂಕೋಚ ತಗ್ಗಿದ್ದು ಒಂದು ಸಂಗತಿಯನ್ನೋದಿದ ಮೇಲೆ.

ಪಂಜಾಬಿನ ಅಜ್ನಾಲಾದಲ್ಲಿ 1857ರ ಆಗಸ್ಟ್ ತಿಂಗಳು, ಬಂಗಾಳ ಸೈನ್ಯದ 26ನೆಯ ಕಾಲಾಳು ದಳದ 282 ಸಿಪಾಯಿಗಳು ಸತ್ತರು. ಹಲವರನ್ನು ಗುಂಡಿಟ್ಟು ಕೊಂದರು. ಉಳಿದವರು ಬುರುಜಿನೊಳಗೆ ಉಸಿರುಕಟ್ಟಿ ಸತ್ತರು. ಹೆಣಗಳನ್ನು ಹಾಳುಬಾವಿಗೆ ನೂಕಿದರು. ಕೊಲ್ಲಿಸಿದ ಅಧಿಕಾರಿ ಕೂಪರ್ ಇದನ್ನೆಲ್ಲ ತಾನೇ ಪುಸ್ತಕದಲ್ಲಿ ಬರೆದುಕೊಂಡ, ಅದಕ್ಕೇನನ್ನಬೇಕೊ! 2014ರಲ್ಲಿ ಬಾವಿಯನ್ನು ತೋಡಿದಾಗ ಎಲುಬು, ಹಲ್ಲುಗಳು ದೊರೆತವು. ಇವು 1947ರ ವಿಭಜನೆಯ ಗಲಭೆಯಲ್ಲಿ ಸತ್ತವರವೆಂದು ಕೆಲವರು ವಾದಿಸಿದರು. ಬಾಲ್ಯದಲ್ಲಿ ಕುಡಿದ ನೀರಿನ ಆಮ್ಲಜನಕದ ಗುರುತು ಹಲ್ಲಿನ ಹೊರಪದರದಲ್ಲಿ ಕಡೆಯವರೆಗೂ ಉಳಿಯುತ್ತದೆ. ವಿಜ್ಞಾನಿಗಳು ಅದನ್ನೂ ಡಿ.ಎನ್.ಎ.ಯನ್ನೂ ಪರೀಕ್ಷಿಸಿ 2022ರಲ್ಲಿ ಪ್ರಕಟಿಸಿದರು: ಇವರು ಪಂಜಾಬಿನವರಲ್ಲ, ಗಂಗೆಯ ಬಯಲಿನವರು. ಹೆಸರು ಸಿಗಲಿಲ್ಲ, ಊರಿನ ದಿಕ್ಕಾದರೂ ಸಿಕ್ಕಿತು.

ಮೊನ್ನೆ ಗೆಳೆಯನೊಡನೆ ಕೊಪ್ಪಳದ ಕೋಟೆ ಹತ್ತಿದೆ. 1858ರಲ್ಲಿ ಮುಂಡರಗಿ ಭೀಮರಾಯ, ಹಮ್ಮಿಗಿ ಕೆಂಚನಗೌಡರು ಕಾದಿ ಮಡಿದ ಸ್ಥಳ. ಅವರ ಹೆಸರು ನಮಗೆ ಬಾಯಿಪಾಠ. ಅವರ ಜೊತೆಗೆ ಸತ್ತವರ ಹೆಸರು? ಬಂಡೆಯ ಮೇಲೆ ಕುಳಿತು ಅಜ್ನಾಲಾದ ಕಥೆ ಹೇಳಿದೆ. ಗೆಳೆಯ ಬಹಳ ಹೊತ್ತು ಸುಮ್ಮನಿದ್ದು, “ನಿನ್ನ ಎಲ್ಲಿ ಹುಗಿದ್ರೂ ಕುಷ್ಟಗಿ ಕಡೆಯಾಂವ ಅಂತ ಗೊತ್ತಾಗ್ತದ ಬಿಡಲೇ” ಎಂದ. ಇಬ್ಬರೂ ನಕ್ಕೆವು. ಕೈ ಅಡ್ಡ ಹಿಡಿಯುವುದು ನನಗೆ ನೆನಪಾಗಲಿಲ್ಲ.