ಬಾಣಂತಿಯ ಅಂಜಿಕೆ

ದಾವಣಗೆರೆ ತಾಲ್ಲೂಕಿನ ಹದಡಿಯಲ್ಲಿ, ತವರಿಗೆ ಬಂದ ಚೊಚ್ಚಲ ಬಾಣಂತಿಯೊಬ್ಬಳು ನಡುರಾತ್ರಿ ಎದ್ದು ಕುಳಿತಿದ್ದಳು. ಕೂಸು ಸುಖವಾಗಿ ನಿದ್ರಿಸುತ್ತಿದ್ದಿತು. ಅವಳು ಮಾತ್ರ ಅದರ ಮೂಗಿನ ಬಳಿ ಬೆರಳಿಟ್ಟು, ಉಸಿರಾಡುತ್ತಿದೆಯೋ ಇಲ್ಲವೋ ಎಂದು ಮತ್ತೆ ಮತ್ತೆ ನೋಡುತ್ತಿದ್ದಳು.

"ಮಲಗವ್ವ, ಕೂಸಿಗೇನೂ ಆಗಿಲ್ಲ" ಎಂದಳು ತಾಯಿ.

"ಕಣ್ಣು ಮುಚ್ಚಿದ್ರ ಹೆದರಿಕಿ ಆಗತೈತವ್ವ."

ಉಪಚಾರಕ್ಕೆ ಆ ಮನೆಯಲ್ಲಿ ಕೊರತೆಯಿರಲಿಲ್ಲ. ಎಣ್ಣೆನೀರು, ಸಾಂಬ್ರಾಣಿಯ ಹೊಗೆ, ಮೆಣಸಿನ ಸಾರು ಎಲ್ಲವೂ ಹಿರಿಯರ ಪದ್ಧತಿಯಂತೆಯೇ ನಡೆದಿದ್ದವು. ಈ ಪದ್ಧತಿಯನ್ನು ಹಳಿಯುವುದು ಸಲ್ಲದು; ದಣಿದ ದೇಹಕ್ಕೆ ವಿಶ್ರಾಂತಿಯನ್ನೂ ಹೆತ್ತವಳ ಆಸರೆಯನ್ನೂ ಅದು ಒದಗಿಸುತ್ತದೆ. ಆದರೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಮನಸ್ಸಿನ ಗತಿಯೇನೆಂದು ಕೇಳುವವರು ವಿರಳ. ನೋಡಬಂದವರು ಕೂಸಿನ ತೂಕವನ್ನು ವಿಚಾರಿಸಿದರು. ಹೆಣ್ಣೆಂದು ತಿಳಿದು, "ಮುಂದಿನದು ಗಂಡಾಗಲಿ" ಎಂದು ಹರಸಿ ಹೋದರು. ಹರಕೆಯೂ ಇರಿಯಬಲ್ಲುದೆಂಬುದು ಅವರಿಗೆ ಹೊಳೆಯಲಿಲ್ಲ.

ಹೆರಿಗೆಯ ತರುವಾಯ ಹಾರ್ಮೋನುಗಳು ಥಟ್ಟನೆ ಇಳಿಯುವುದುಂಟು. ಮೊದಲ ದಿನಗಳ ಅಳು, ಕಳವಳಗಳು ಸಾಮಾನ್ಯವಾಗಿ ಎರಡು ವಾರಗಳೊಳಗೆ ತಾವಾಗಿಯೇ ಶಮನವಾಗುವುವು. ಅನಂತರವೂ ಉಳಿದು, ಕೂಸು ಮಲಗಿದಾಗಲೂ ತಾಯಿಗೆ ನಿದ್ರೆ ಬಾರದಿದ್ದರೆ ವೈದ್ಯರ ಗಮನಕ್ಕೆ ತರಬೇಕು. ಹಿಂದೆ ಕಳೆದುಕೊಂಡ ಗರ್ಭ, ಕಷ್ಟದ ಹೆರಿಗೆ, ಗಂಡನ ಉದಾಸೀನ, ಮನೆಯ ಸಾಲ ಇವೆಲ್ಲ ಅಂಜಿಕೆಯನ್ನು ಬೆಳೆಸುತ್ತವೆ. 1987ರಲ್ಲಿ ಪ್ರಕಟವಾದ ಎಡಿನ್‌ಬರೋ ಪ್ರಶ್ನಾವಳಿಯ ಹತ್ತು ಪ್ರಶ್ನೆಗಳಲ್ಲಿ ಕಾರಣವಿಲ್ಲದ ಕಳವಳವನ್ನು ಕುರಿತದ್ದೂ ಒಂದು. ತೀವ್ರವಾಗಿ ಬಳಲುವವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್ 2009ರಲ್ಲಿ, ತಾಯಿಯನ್ನೂ ಮಗುವನ್ನೂ ಅಗಲಿಸದೆ ಚಿಕಿತ್ಸೆ ನೀಡುವ ವಿಭಾಗವನ್ನು ತೆರೆಯಿತು.

ಹದಡಿಯ ಆ ಮನೆಗೆ 21ನೆಯ ದಿನ ಕೂಸನ್ನು ತೂಗಲು ಬಂದ ಆಶಾ ಕಾರ್ಯಕರ್ತೆ, ತಕ್ಕಡಿಯನ್ನು ಚೀಲಕ್ಕೆ ಸೇರಿಸುತ್ತ, "ನಿನಗ ನಿದ್ದಿ ಹತ್ತತೈತೇನವ್ವ?" ಎಂದಳು. ಬಾಣಂತಿ ಉತ್ತರಿಸದೆ ಅಳತೊಡಗಿದಳು. ಕಾರ್ಯಕರ್ತೆ ಚೀಲವನ್ನು ಕೆಳಗಿಟ್ಟು ಅವಳ ಬಳಿ ಕುಳಿತಳು.