ಹೆರಿಗೆಗೆ ವಿಮಾನದಲ್ಲಿ ಬಂದ ಮಗಳು

ಮಗಳನ್ನು ಹುಬ್ಬಳ್ಳಿ, ಧಾರವಾಡದ ಕಡೆ ಕೊಟ್ಟಿದ್ದೀರಾ? ಹಾಗಾದರೆ ಟಿ. ನರಸೀಪುರದ ನನ್ನ ಲೆಕ್ಕಾಚಾರ ನಿಮಗೂ ಉಪಯೋಗಕ್ಕೆ ಬಂದೀತು.

2022ರಲ್ಲಿ ಇಂಡಿಗೊದವರು ಮೈಸೂರು–ಹುಬ್ಬಳ್ಳಿ ನಡುವೆ ವಿಮಾನ ಶುರು ಮಾಡಿದಾಗ ನನ್ನ ಮಗಳಿಗೆ ಏಳು ತಿಂಗಳು. ಸೀಮಂತ ಮುಗಿಸಿ ಚೊಚ್ಚಲ ಹೆರಿಗೆಗೆ ಕರೆತರಬೇಕು. ರೈಲಾದರೆ ಅರಸೀಕೆರೆ ಮೇಲೆ ರಾತ್ರಿಯಿಡೀ ಪ್ರಯಾಣ. ಅವಳಿಗೋ ಕೂತರೆ ಸಾಕು, ಕಾಲು ಊದುತ್ತಿತ್ತು. "ವಿಮಾನದಲ್ಲಿ ಒಂದೇ ಗಂಟೆ ಕಣಮ್ಮ" ಅಂದಳು. ಬೀಗಿತಿಯವರು ಒಪ್ಪಲಿಲ್ಲ. "ಬಸುರಿ ಹೆಂಗಸು ಆಕಾಶದಾಗ ಹೋಗೂದು ಬ್ಯಾಡ್ರಿ" ಅಂತ ಒಂದೇ ಹಟ.

ಒಂದು ಗಂಟೆ ಅನ್ನೋದು ಸುಳ್ಳೇನಲ್ಲ. ನೇರ ಗೆರೆ ಎಳೆದರೆ ಎರಡು ನಿಲ್ದಾಣಗಳ ನಡುವೆ ಸುಮಾರು 385 ಕಿ.ಮೀ. ರೆಕ್ಕೆಗೆ ಪಂಖ ಕಟ್ಟಿದ ಎ.ಟಿ.ಆರ್. ವಿಮಾನ ಗಂಟೆಗೆ 500 ಕಿ.ಮೀ. ಹತ್ತಿರ ಹಾರುತ್ತದೆ. ಏರುವುದು, ಇಳಿಯುವುದು ಸೇರಿದರೆ ಒಂದು ಗಂಟೆಯ ಮೇಲೆ ಸ್ವಲ್ಪ. ಮೈಸೂರಿಗೆ ಇಂಥ ಚಿಕ್ಕ ವಿಮಾನವೇ ಆಗಬೇಕು. ಮಂಡಕಳ್ಳಿಯಲ್ಲಿ ವಿಮಾನ ಓಡುವ ದಾರಿ 1,740 ಮೀಟರ್ ಅಷ್ಟೆ. ಉದ್ದ ಮಾಡೋಣವೆಂದರೆ ನಂಜನಗೂಡಿನ ಹೆದ್ದಾರಿಯೂ ರೈಲು ಹಳಿಯೂ ಅಡ್ಡ.

ಆದರೆ ನಮ್ಮ ಲೆಕ್ಕ ಮನೆ ಬಾಗಿಲಿಂದ ಮನೆ ಬಾಗಿಲಿಗೆ ಅಲ್ಲವೇ? ನಂಜನಗೂಡಿನವರ ಪುಣ್ಯ ನೋಡಿ, ಮೈಸೂರಿನ ದಾರಿಯಲ್ಲಿ 15 ಕಿ.ಮೀ. ಒಳಗೇ ನಿಲ್ದಾಣ. ನಾವು ನಕ್ಷೆಯಲ್ಲಿ ಅದರ ನೇರ ಪೂರ್ವಕ್ಕೆ 28 ಕಿ.ಮೀ. ಇದ್ದೇವೆ, ಆದರೂ ಮೈಸೂರನ್ನೋ ನಂಜನಗೂಡನ್ನೋ ಸುತ್ತಿಯೇ ಹೋಗಬೇಕು. ಹೇಗೆ ಹೋದರೂ 40 ಕಿ.ಮೀ. ಮೇಲೆ. ಹುಬ್ಬಳ್ಳಿಯಲ್ಲಿ ಗೋಕುಲ ರಸ್ತೆಯ ನಿಲ್ದಾಣಕ್ಕೆ ಅರ್ಧ ಗಂಟೆ, ಅಲ್ಲಿ ಎರಡು ಗಂಟೆ ಮುಂಚೆ ಹಾಜರಿ, ಇಳಿದ ಮೇಲೆ ಚೀಲಕ್ಕೆ ಕಾಯುವುದು, ಆಮೇಲೆ ಕಾರು. ಎಲ್ಲ ಕೂಡಿಸಿದರೆ ಐದು ಗಂಟೆಯ ಮೇಲೆ. ರೈಲಿಗೆ ಹನ್ನೆರಡು. ಬಸುರಿಗೆ ಈ ಏಳು ಗಂಟೆ ದೊಡ್ಡದು.

ಕೊನೆಗೆ ಡಾಕ್ಟರಮ್ಮನನ್ನೇ ಕೇಳಿದೆವು. ರಕ್ತದೊತ್ತಡ ನೋಡಿ, "ಧಾರಾಳವಾಗಿ ಹೋಗಿ" ಎಂದು ಪತ್ರ ಬರೆದುಕೊಟ್ಟರು. ಬೀಗಿತಿಯವರೂ ಸುಮ್ಮನಾದರು. ತಿಂಗಳು ತುಂಬುತ್ತ ಬಂದಂತೆ ವಿಮಾನದವರು ಈ ಪತ್ರ ಕೇಳುತ್ತಾರೆ, ತೀರ ದಿನ ಹತ್ತಿರವಾದರೆ ಹತ್ತಿಸುವುದೇ ಇಲ್ಲ. ಆದ್ದರಿಂದ ಸೀಮಂತವನ್ನು ಒಂಬತ್ತಕ್ಕೆ ಇಟ್ಟುಕೊಳ್ಳುವ ಮನೆಯವರು ಮೊದಲೇ ಯೋಚಿಸಿ.

ಮಡಿಲು ತುಂಬಿದ ಸಾಮಾನಿನದೂ ಒಂದು ಕಥೆ. ಒಣ ಕೊಬ್ಬರಿಯಲ್ಲಿ ಎಣ್ಣೆ ಹೆಚ್ಚು, ಬೆಂಕಿ ಹತ್ತುವ ವಸ್ತು ಅಂತ ವಿಮಾನದಲ್ಲಿ ಬಿಡುವುದಿಲ್ಲ. ಕೊಬ್ಬರಿ ಗಿಟುಕು ಇಲ್ಲದ ಮಡಿಲುಂಟೇ! ಅದನ್ನೂ ಉಳಿದ ಗಂಟುಮೂಟೆಯನ್ನೂ ನಮ್ಮನೆಯವರು ರೈಲಿನಲ್ಲಿ ತಂದರು. ನಾವಿಬ್ಬರೂ ಕೈಬೀಸಿಕೊಂಡು ಬಂದೆವು. ಕಿಟಕಿ ಪಕ್ಕ ಕೂತ ಮಗಳು ದಾರಿಯುದ್ದಕ್ಕೂ ಹೊಟ್ಟೆ ಮೇಲೆ ಕೈ ಇಟ್ಟುಕೊಂಡೇ ಇದ್ದಳು.

ಒಂದು ಮಾತು ನೆನಪಿಡಿ. ಸಣ್ಣ ಊರುಗಳ ನಡುವಿನ ವಿಮಾನ ಈ ವರ್ಷ ಇದ್ದರೆ ಮುಂದಿನ ವರ್ಷ ಇದ್ದೇ ಇರುತ್ತದೆ ಅನ್ನುವ ಹಾಗಿಲ್ಲ. ಕೇಂದ್ರದ ಉಡಾನ್ ಯೋಜನೆಯಲ್ಲೂ ಒಂದು ಮಾರ್ಗಕ್ಕೆ ಸಹಾಯಧನ 3 ವರ್ಷ. ಅದು ಮುಗಿದ ಮೇಲೆ ಸೀಟು ತುಂಬದಿದ್ದರೆ ನಿಲ್ಲಿಸಿಬಿಡುತ್ತಾರೆ. ಮುಹೂರ್ತ ಇಡುವ ಮುಂಚೆ ವಿಮಾನ ಇದೆಯೇ, ಯಾವ ವಾರ ಅಂತ ವಿಚಾರಿಸಿಕೊಳ್ಳಿ. ಇಲ್ಲದಿದ್ದರೆ ರೈಲೇ ಗತಿ. ಗರ್ಭಿಣಿಯರಿಗೂ 45 ವರ್ಷ ದಾಟಿದ ಹೆಂಗಸರಿಗೂ ಕೆಳಗಿನ ಬರ್ತಿನ ಕೋಟಾ ಇದೆ. ಟಿಕೆಟ್ ತೆಗೆಸುವಾಗ ಅದನ್ನೇ ಕೇಳಿ.