ಕದಲದ ಚೆಂಡು

ಹರಿಹರ ತಾಲ್ಲೂಕಿನ ಕೊಕ್ಕನೂರು ಭತ್ತ ಬೆಳೆಯುವ ಊರು. ಅಲ್ಲಿನ ಆಂಜನೇಯಸ್ವಾಮಿಯ ಹೆಸರು ಸುತ್ತಣ ಸೀಮೆಗೆಲ್ಲ ಪರಿಚಿತ. ಕೊಯ್ಲು ಮುಗಿದ ಗದ್ದೆಬಯಲು ಹುಡುಗರ ಪಾಲಿಗೊಂದು ಸಾಮ್ರಾಜ್ಯ. ಚಿನ್ನಿದಾಂಡಿಗೆ ಅದಕ್ಕಿಂತ ಪ್ರಶಸ್ತವಾದ ರಂಗಸ್ಥಳ ಬೇಕಿಲ್ಲ. ಇಂಥ ಊರಿನ ಜಗುಲಿಯ ಮೇಲೆ ಗಾಲ್ಫ್ ಆಟದ ಮಾತೆತ್ತಿದರೆ ಹಿರಿಯರು ನಕ್ಕಾರು. ಹಣವಂತರು ಹುಲ್ಲಿನ ಮೇಲೆ ಅಡ್ಡಾಡಿ ಉಂಡದ್ದನ್ನು ಅರಗಿಸಿಕೊಳ್ಳುವ ಉಪಾಯವದು ಎಂದಾರು.

ಆದರೂ ಈ ಎರಡು ಆಟಗಳು ದೂರದ ದಾಯಾದಿಗಳೇ ಸರಿ. ಎರಡರಲ್ಲಿಯೂ ಕೈಯಲ್ಲೊಂದು ಕೋಲು, ಎದುರಿಗೊಂದು ಚಿಕ್ಕ ವಸ್ತು, ಮುಂದೆ ವಿಶಾಲವಾದ ಬಯಲು. ಭೇದವಿರುವುದು ಒಂದೇ ಕಡೆ. ಚಿನ್ನಿ ನೆಲದಿಂದ ಚಿಮ್ಮಿದ ಕ್ಷಣವೇ ಏಟು ಬೀಳಬೇಕು. ಯೋಚನೆಗೆ ಅಲ್ಲಿ ಬಿಡುವಿಲ್ಲ. ಗಾಲ್ಫಿನ ಚೆಂಡಾದರೋ ಕದಲದೆ ಕಾದು ಕುಳಿತಿರುತ್ತದೆ. ಹದಿನೆಂಟು ಕುಳಿಗಳ ಒಂದು ಸುತ್ತಿಗೆ ನಾಲ್ಕು ಗಂಟೆಗಳಾದರೂ ಬೇಕು. ಅದರಲ್ಲಿ ಹೊಡೆತಗಳಿಗೆ ಸಲ್ಲುವುದು ಕೆಲವೇ ನಿಮಿಷ. ಉಳಿದ ಕಾಲವೆಲ್ಲ ಮನಸ್ಸಿನ ವಶ. ತಪ್ಪಿದ ಹೊಡೆತದ ಕೊರಗು, ಬರಲಿರುವ ಹೊಡೆತದ ಅಂಜಿಕೆ, ಎದುರಾಳಿಯ ಅಂಕದ ಚಿಂತೆ, ಇವೆಲ್ಲ ಆಟಗಾರನೊಂದಿಗೆ ಹೆಜ್ಜೆ ಹಾಕುತ್ತವೆ. ಆದ್ದರಿಂದ ಈ ಆಟದಲ್ಲಿ ತೋಳಿನ ಬಲದಷ್ಟೇ ಸ್ವಭಾವಕ್ಕೂ ಬೆಲೆ.

ಒಂದೊಂದು ಕಾಲದ ಆಟಗಾರರು ಈ ಕಾಲಾವಕಾಶವನ್ನು ಒಂದೊಂದು ಬಗೆಯಾಗಿ ಎದುರಿಸಿದ್ದಾರೆ. ಅಮೆರಿಕದ ವಾಲ್ಟರ್ ಹೇಗನ್ ವಿನೋದಪ್ರಿಯ. ವೃತ್ತಿಪರ ಆಟಗಾರರಿಗೆ ಕ್ಲಬ್ಬಿನ ಒಳಗೆ ಪ್ರವೇಶವಿಲ್ಲದಿದ್ದ 1920ರಲ್ಲಿ, ಇಂಗ್ಲೆಂಡಿನ ಡೀಲ್ ಎಂಬಲ್ಲಿ, ಬಾಡಿಗೆಯ ಭಾರಿ ಕಾರನ್ನು ತರಿಸಿಕೊಂಡು ಅದರಲ್ಲಿಯೇ ಉಡುಪು ಬದಲಿಸಿಕೊಂಡ ಧೀರ ಆತ. ಬೆನ್ ಹೋಗನ್ ಇದಕ್ಕೆ ತೀರ ವಿರುದ್ಧ, ಮಿತಭಾಷಿ, ಅಭ್ಯಾಸನಿಷ್ಠ. 1949ರಲ್ಲಿ ಆತನ ಕಾರಿಗೆ ಬಸ್ಸು ಡಿಕ್ಕಿ ಹೊಡೆದು ಮೂಳೆಗಳು ಮುರಿದವು. ಮರುವರ್ಷವೇ ಆತ ನೋಯುವ ಕಾಲುಗಳಲ್ಲಿ ನಡೆದು ಅಮೆರಿಕದ ಓಪನ್ ಪ್ರಶಸ್ತಿಯನ್ನು ಗೆದ್ದನು.

ಸ್ವಭಾವವೆಂಬುದು ಹುಟ್ಟಿನಿಂದ ಬಂದದ್ದು, ಬದಲಾಗದು ಎನ್ನುವವರು ಬಾಬಿ ಜೋನ್ಸನ ಕಥೆಯನ್ನು ಕೇಳಬೇಕು. ಆತ ಕೊನೆಯವರೆಗೂ ಹವ್ಯಾಸಿ. ಆದರೆ ವೃತ್ತಿಪರರನ್ನು ಸೋಲಿಸಬಲ್ಲವನು. 1921ರಲ್ಲಿ ಸೇಂಟ್ ಆಂಡ್ರೂಸ್ ಮೈದಾನದಲ್ಲಿ ಆಟ ಕೆಟ್ಟಾಗ ಸಿಟ್ಟಿಗೆದ್ದು ಅರ್ಧದಲ್ಲಿಯೇ ಪಂದ್ಯ ಬಿಟ್ಟವನು. ಅದೇ ಜೋನ್ಸ್ 1925ರ ಅಮೆರಿಕದ ಓಪನ್ ಪಂದ್ಯದಲ್ಲಿ, ಹೊಡೆಯುವ ಮುನ್ನವೇ ಚೆಂಡು ಕದಲಿತೆಂದು ತನಗೆ ತಾನೇ ಒಂದು ಹೊಡೆತದ ದಂಡ ವಿಧಿಸಿಕೊಂಡನು. ಅದನ್ನು ಬೇರೆ ಯಾರೂ ಕಂಡಿರಲಿಲ್ಲ. ಆ ಒಂದು ಹೊಡೆತದಿಂದಾಗಿ ಪಂದ್ಯ ಸಮವಾಗಿ, ನಿರ್ಣಾಯಕ ಆಟದಲ್ಲಿ ಆತ ವಿಲ್ಲಿ ಮ್ಯಾಕ್‌ಫರ್ಲೇನನಿಗೆ ಸೋತನು. ನಾಲ್ಕು ವರ್ಷಗಳಲ್ಲಿ ಆ ಮನುಷ್ಯ ತನ್ನನ್ನೇ ತಿದ್ದಿಕೊಂಡಿದ್ದನು.

ಕನ್ನಡನಾಡಿಗೂ ಈ ಆಟ ಹೊಸದಲ್ಲ. ಬೆಂಗಳೂರಿನ ಗಾಲ್ಫ್ ಕ್ಲಬ್ ಸ್ಥಾಪನೆಯಾದದ್ದು 1876ರಲ್ಲಿ. ಬಹುಕಾಲ ಈ ಆಟವಾಡಿದವರು ಒಬ್ಬರು, ಚೀಲ ಹೊತ್ತವರು ಇನ್ನೊಬ್ಬರು. ಹಾಗೆ ಚೀಲ ಹೊರುವ ಕ್ಯಾಡಿಯಾಗಿ ಆಟದ ಮರ್ಮವನ್ನು ಕಣ್ಣಿನಿಂದಲೇ ಕಲಿತವರಲ್ಲಿ ಬೆಂಗಳೂರಿನ ಸಿ. ಮುನಿಯಪ್ಪ ಒಬ್ಬರು. 2009ರಲ್ಲಿ ಅವರು ನಿರ್ಣಾಯಕ ಆಟದಲ್ಲಿ ಕೊರಿಯಾದ ಆಟಗಾರನನ್ನು ಮಣಿಸಿ ಇಂಡಿಯನ್ ಓಪನ್ ಗೆದ್ದರು. ಬಿಡದಿಯ ಮೈದಾನದ ನೆರೆಯಲ್ಲಿ ಬೆಳೆದ ಚಿಕ್ಕರಂಗಪ್ಪನವರೂ ಅದೇ ಹಾದಿಯಲ್ಲಿ ವೃತ್ತಿಪರರಾದವರು. ಬೆಂಗಳೂರಿನಲ್ಲಿ ಪಳಗಿದ ಅನಿರ್ಬನ್ ಲಾಹಿರಿ ವಿಪಶ್ಯನ ಧ್ಯಾನದ ಮೊರೆಹೊಕ್ಕವರು. 2015ರ ಇಂಡಿಯನ್ ಓಪನ್ನಿನ ಕೊನೆಯ ದಿನ ಏಳು ಹೊಡೆತಗಳಷ್ಟು ಹಿಂದಿದ್ದರೂ ಧೃತಿಗೆಡದೆ ಗೆದ್ದರು. 2022ರ ಪ್ಲೇಯರ್ಸ್ ಪಂದ್ಯದಲ್ಲಿ ಒಂದೇ ಹೊಡೆತದಿಂದ ಎರಡನೆಯವರಾದರು.

ಒಂದು ಹೊಡೆತದ ಬೆಲೆಯನ್ನು ಇಡೀ ದೇಶಕ್ಕೆ ಕಲಿಸಿದಾಕೆ ಬೆಂಗಳೂರಿನ ಅದಿತಿ ಅಶೋಕ್. 2021ರ ಆಗಸ್ಟ್ 7ರಂದು, ಗಾಲ್ಫ್ ಎಂದರೇನೆಂದು ಅರಿಯದ ಮನೆಗಳಲ್ಲಿಯೂ ಜನ ಬೆಳಿಗ್ಗೆ ಟೆಲಿವಿಷನ್ನಿನ ಮುಂದೆ ಕುಳಿತರು. ಟೋಕಿಯೋ ಒಲಿಂಪಿಕ್ಸಿನ ಸ್ಪರ್ಧಿಗಳಲ್ಲಿ ಆಕೆಯ ದೂರದ ಹೊಡೆತ ತೀರ ಗಿಡ್ಡ. ಆ ಕೊರತೆಯನ್ನೆಲ್ಲ ಆಕೆ ಕುಳಿಯ ಸಮೀಪದ ನಯವಾದ ತಟ್ಟಿನಿಂದ ತುಂಬಿಕೊಂಡಳು. ಚೀಲ ಹೊತ್ತು ಜೊತೆಗೆ ನಡೆದವರು ತಾಯಿ. ಕೊನೆಗೆ ಪದಕ ಒಂದೇ ಹೊಡೆತದಿಂದ ತಪ್ಪಿ ನಾಲ್ಕನೆಯ ಸ್ಥಾನ ದೊರೆಯಿತು. ಅಂದೇ ಸಂಜೆ ನೀರಜ್ ಚೋಪ್ರಾರ ಈಟಿ ಚಿನ್ನವನ್ನು ತಂದಿತು; ನಾಲ್ಕನೆಯ ಸ್ಥಾನ ಸಂಭ್ರಮದಲ್ಲಿ ಮರೆಯಾಯಿತು.

ಅದಕ್ಕಿಂತ ಕಠಿನವಾದ ಪರೀಕ್ಷೆ 2023ರಲ್ಲಿ ಬಂದಿತು. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಮೂರನೆಯ ಸುತ್ತು ಮುಗಿದಾಗ ಆಕೆ ಏಳು ಹೊಡೆತ ಮುಂದಿದ್ದಳು. ಕೊನೆಯ ದಿನ 77 ಹೊಡೆತಗಳಾಗಿ ಚಿನ್ನ ಕೈಜಾರಿ ಬೆಳ್ಳಿಯಾಯಿತು. ಲಾಹಿರಿಯವರಿಗೆ ಒಲಿದ ಅದೇ ಏಳರ ಅಂತರ ಇಲ್ಲಿ ಮುನಿದಿತ್ತು. ಗಾಳಿಯನ್ನೋ ಹುಲ್ಲನ್ನೋ ದೂರಬಹುದು. ಆದರೆ ಕದಲದ ಚೆಂಡಿನ ಮುಂದೆ ದೂರು ನಿಲ್ಲದು. ಎರಡು ತಿಂಗಳು ತುಂಬುವ ಮೊದಲೇ ಆಕೆ ಸ್ಪೇನಿನ ಓಪನ್ ಪ್ರಶಸ್ತಿಯನ್ನು ಗೆದ್ದಳು. ಬಿದ್ದಲ್ಲಿಂದ ಏಳುವ ಬಲ ತೋಳಿನದಲ್ಲವೆಂಬುದಕ್ಕೆ ಬೇರೆ ನಿದರ್ಶನವೇಕೆ?

ಕೊಕ್ಕನೂರಿನ ಗದ್ದೆಬಯಲಿನಲ್ಲಿಯೂ ತೀರ್ಪುಗಾರನಿಲ್ಲ. ಚಿನ್ನಿ ಗೆರೆಯೊಳಗೆ ಬಿತ್ತೋ ಹೊರಗೆ ಬಿತ್ತೋ ಎಂದು ಹುಡುಗರು ಗಂಟಲು ಹರಿಯುವಂತೆ ವಾದಿಸುತ್ತಾರೆ. ಆ ಗದ್ದಲದ ನಡುವೆ, ಏಟು ಹೊಡೆದ ಹುಡುಗನೇ ತಲೆ ತಗ್ಗಿಸಿ, 'ಇಲ್ಲ ಕಣ್ರೋ, ಒಳಗೇ ಬಿತ್ತು' ಎಂದು ದಾಂಡನ್ನು ಎದುರಾಳಿಯ ಕೈಗೆ ಕೊಡುವುದೂ ಉಂಟು. ಸುತ್ತಲಿನವರು ಆಗ ಕ್ಷಣಕಾಲ ಸುಮ್ಮನಾಗುತ್ತಾರೆ. ಜೋನ್ಸನ ಹೆಸರನ್ನು ಆ ಹುಡುಗ ಕೇಳಿಲ್ಲ. ಕೇಳಬೇಕಾದ ಅಗತ್ಯವೂ ಇಲ್ಲ. ಸಂಜೆ ಆತ ಮನೆಗೆ ಮರಳುವುದು ಸೋತೇ. ಆದರೂ ಆ ರಾತ್ರಿ ಅವನಿಗೆ ಸುಖವಾದ ನಿದ್ದೆ ಬರುತ್ತದೆ.